ಹೋಮಕುಂಡದಲ್ಲಿ ಸುಟ್ಟ ಬದನೆಕಾಯಿ

ಅಗ್ನಿದೇವನೊಡನೆ ನನಗಿರುವುದು ಬಾಲ್ಯದಿಂದ ಬಂದ ಪರಿಚಯ. ಉಪನಯನದ ದಿನ ಮೊದಲ ಸಮಿತ್ತನ್ನು ಅವನ ಬಾಯಿಗಿಟ್ಟಂದಿನಿಂದ ಈವರೆಗೆ ನಾನು ಅವನಿಗೆ ಬಡಿಸಿದ ತುಪ್ಪವನ್ನು ಒಂದೆಡೆ ಕೂಡಿಟ್ಟಿದ್ದರೆ ನಮ್ಮ ಓಣಿಯ ಬಾವಿ ಕಂಠಮಟ್ಟ ತುಂಬುತ್ತಿತ್ತು. ಅವನ ಏಳು ನಾಲಿಗೆಗಳ ಹೆಸರನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಕ್ರಮ ತಪ್ಪದೆ ಹೇಳಬಲ್ಲೆ. ಅವನು ಯಾವ ದಿಕ್ಕಿಗೆ ಒಡೆಯ, ಯಾವ ಪ್ರಾಣಿಯನ್ನೇರಿ ಬರುತ್ತಾನೆ, ಯಾವ ಕರ್ಮದಲ್ಲಿ ಯಾವ ಹೆಸರಿನಿಂದ ಕರೆದರೆ ಸಂತೋಷಪಡುತ್ತಾನೆ ಎಂಬುದೆಲ್ಲ ಗುರುಗಳ ಕೃಪೆಯಿಂದ ಕಂಠಸ್ಥವಾಗಿದೆ. ಇಷ್ಟಾದರೂ ಓದುಗರಲ್ಲಿ ಒಂದು ಮಾತನ್ನು ಸಂಕೋಚದಿಂದಲೇ ನಿವೇದಿಸಿಕೊಳ್ಳಬೇಕಾಗಿದೆ. ಆ ಮಹಾನುಭಾವನ ಮೇಲೆ ಒಂದು ಬದನೆಕಾಯಿಯನ್ನು ಹೇಗೆ ಸುಡಬೇಕೆಂಬುದು ನನ್ನ ಶಿಖೆ ಪೂರ್ತಿ ನರೆಯುವವರೆಗೂ ನನಗೆ ತಿಳಿದಿರಲಿಲ್ಲ. ಉರಿ ಬೇರೆ, ಕೆಂಡ ಬೇರೆ, ಬಿಸಿ ಬೂದಿ ಬೇರೆ, ಒಂದೊಂದರ ಗುಣವೂ ಒಂದೊಂದು ತೆರ ಎಂಬ ಜ್ಞಾನ ನನಗೆ ಯಾವ ಪಾಠಶಾಲೆಯಲ್ಲೂ ದೊರೆತಿರಲಿಲ್ಲ. ಅವನಿಗೆ ನಿತ್ಯ ಉಣಿಸಿದವನು ನಾನು. ಅವನಿಂದ ಬೇಯಿಸಿ ನನಗೆ ಉಣಿಸಿದವಳು ನನ್ನ ಸಹಧರ್ಮಿಣಿ. ನಮ್ಮಿಬ್ಬರ ನಡುವೆ ಅಗ್ನಿ ಎರಡು ಮನೆಯ ನೆಂಟನಂತೆ ಓಡಾಡಿಕೊಂಡಿದ್ದ. ನಾನು ಅವನ ಒಂದು ಮುಖವನ್ನು ಮಾತ್ರ ಕಂಡಿದ್ದೆ. ಇನ್ನೊಂದು ಮುಖದ ಹೊಗೆಯನ್ನೆಲ್ಲ ಆಕೆ ಕುಡಿದಿದ್ದಳು.

ವಿಜಾಪುರದ ಹಳೆಯ ಮಾಳಿಗೆ ಮನೆಗಳ ಅಡುಗೆಮನೆಯನ್ನು ಕಂಡವರಿಗೆ ಈ ಮಾತನ್ನು ವಿಸ್ತರಿಸಬೇಕಾಗಿಲ್ಲ. ಗೋಡೆಗಳು ಕೋಟೆಯ ಗೋಡೆಗಳಂತೆ ದಪ್ಪ, ಕಿಟಕಿಯೆಂಬುದು ಇಲ್ಲ, ನೆತ್ತಿಯ ಮೇಲೆ ಅಂಗೈಯಗಲದ ಒಂದು ಬೆಳಕಿಂಡಿ. ಹೊಗೆ ಆ ಕಿಂಡಿಯನ್ನು ಹುಡುಕಿಕೊಂಡು ಹೋಗುವ ಮೊದಲು ಮನೆಯವರೆಲ್ಲರನ್ನೂ ಒಂದೊಂದಾಗಿ ಮಾತಾಡಿಸಿಯೇ ಹೋಗುತ್ತದೆ. ನನ್ನ ಸಹಧರ್ಮಿಣಿ ಬೆಳಗಿನ ಹೊತ್ತು ದೇವರ ಹಾಡು ಹೇಳುತ್ತ ಒಲೆಯ ಮುಂದೆ ಕುಳಿತಿದ್ದಾಗ ಆಕೆಯ ಕಣ್ಣುಗಳಿಂದ ಧಾರೆಯಾಗಿ ನೀರು ಹರಿಯುತ್ತಿತ್ತು. ನಾನು ಅದನ್ನು ಆನಂದಬಾಷ್ಪವೆಂದೇ ಬಹುಕಾಲ ನಂಬಿದ್ದೆ. ನಂಬಿದ್ದು ಸಾಲದೆ, ಗುಡಿಯಲ್ಲಿ ಪುರಾಣ ಹೇಳುವಾಗ ಭಕ್ತಿಯ ಪರಾಕಾಷ್ಠೆಗೆ ದೃಷ್ಟಾಂತವಾಗಿ, "ನಮ್ಮ ಮನೆಯಲ್ಲಿಯೇ ನೋಡಿರಿ" ಎಂದು ವರ್ಣಿಸಿಯೂ ಇದ್ದೆ. ಕೇಳಿದ ತಾಯಂದಿರು ಕೈಮುಗಿಯುತ್ತಿದ್ದರು. ಅವರಲ್ಲಿ ಕೆಲವರು ಮುಗುಳ್ನಗುತ್ತಿದ್ದುದೂ ಉಂಟು. ಅದರ ಕಾರಣ ನನಗೆ ಆಗ ಹೊಳೆದಿರಲಿಲ್ಲ.

ಆ ವರುಷ ದೀಪಾವಳಿಯ ಸಂಜೆ ಆಕೆ ದೀಪ ಹಚ್ಚಲು ಹೋಗಿ, ಬತ್ತಿಯನ್ನು ಬಿಟ್ಟು ಪಕ್ಕದ ಗಾಳಿಗೆ ಕಡ್ಡಿ ಹಿಡಿದಳು. ಮತ್ತೊಮ್ಮೆಯೂ ಹಾಗೆಯೇ ಆಯಿತು. ಕೈಯಿಂದ ತಡಕಿ ಬತ್ತಿಯನ್ನು ಹುಡುಕತೊಡಗಿದಳು. ನಾನೇ ಕಡ್ಡಿ ತೆಗೆದುಕೊಂಡು ದೀಪ ಹಚ್ಚಿದೆ. ಮರುದಿನವೇ ಕಣ್ಣಿನ ಡಾಕ್ಟರರಲ್ಲಿಗೆ ಕರೆದೊಯ್ದೆ. ಅವರು ರೆಪ್ಪೆಯನ್ನೆತ್ತಿ ದೀಪ ಹಿಡಿದು ಬಹಳ ಹೊತ್ತು ನೋಡಿ, ನನ್ನನ್ನು ಬದಿಗೆ ಕರೆದು ಹೇಳಿದರು: "ಆಚಾರ್ರ, ಔಷಧ ನಾ ಕೊಡ್ತೀನಿ. ಆದ್ರ ಆ ಒಲೀ ಹೊಗಿ ನಿಲ್ಲಲಿಲ್ಲಂದ್ರ ನನ್ನ ಔಷಧದಿಂದ ಏನೂ ಆಗಂಗಿಲ್ಲ. ಹಿಂಗಽ ನಡದ್ರ ನಿಮ್ಮ ಮನಿಯವರ ದೃಷ್ಟಿ ಹೋಗೇ ಬಿಡ್ತದ. ಈಗ ನಿಂತ್ರ ತಿರುಗಿ ಬರ್ತದ. ಭರವಸಾ ಇಟ್ಕೋರಿ."

ಆ ಕೊನೆಯ ಮಾತನ್ನು ಗಂಟು ಕಟ್ಟಿಕೊಂಡು ಮನೆಗೆ ಬಂದೆ. ಬೇರೆಯವರ ಕೈಯ ಅಡುಗೆಯನ್ನು ಆಕೆ ಮುಟ್ಟುವವಳಲ್ಲ. ಹೆಣ್ಣುಮಕ್ಕಳೆಲ್ಲ ಗಂಡನ ಮನೆ ಸೇರಿದ್ದರು. ಆದುದರಿಂದ ಪೇಟೆಗೆ ಹೋಗಿ, ಗಾಳಿ ತುಂಬಿ ಉರಿಸುವ ಸೀಮೆಎಣ್ಣೆಯ ಸ್ಟೋ ಒಂದನ್ನು ತಂದೆ. ಹಿತ್ತಾಳೆಯದು, ಥಳಥಳ ಹೊಳೆಯುತ್ತಿತ್ತು. ಆಕೆ ಅದರ ಸುತ್ತ ಒಮ್ಮೆ ಸುಳಿದಾಡಿ ಮೂಗಿಗೆ ಸೆರಗು ಹಿಡಿದಳು.

"ಇದರ ಮ್ಯಾಲೆ ನೈವೇದ್ಯದ ಅನ್ನಾ ಮಾಡ್ಲೇನು? ವಿಠ್ಠಲ ಮೂಗು ಮುಚ್ಕೊಂಡು ಉಣ್ಣಬೇಕೇನ್ರಿ?"

ವಿಠ್ಠಲನನ್ನು ಅಂಥ ಸಂಕಟಕ್ಕೆ ಗುರಿಮಾಡಲು ನನಗೂ ಮನಸ್ಸಾಗಲಿಲ್ಲ. ಸ್ಟೋ ಮೂಲೆ ಸೇರಿತು. ಮಾರನೆಯ ದಿನ ಅದರ ಮೇಲೆ ಉಪ್ಪಿನಕಾಯಿಯ ಭರಣಿ ಕುಳಿತುಕೊಂಡಿತು.

ಉಪಾಯ ಹೊಳೆದದ್ದು ತಿಕೋಟೆಯಲ್ಲಿ. ತುಳಸೀ ಲಗ್ನವಾದ ಮೇಲಿನ ಮೊದಲ ಮುಹೂರ್ತಕ್ಕೆ ಅಲ್ಲಿ ಒಂದು ಮದುವೆಯನ್ನು ಮಾಡಿಸಲು ಹೋಗಿದ್ದೆ. ಧಾರೆ ಮುಗಿದು ಹಿತ್ತಲ ಕಡೆ ಕೈ ತೊಳೆಯಲು ಬಂದರೆ, ಅಡುಗೆಯವರು ಬಯಲಿನಲ್ಲಿ ಉದ್ದಕ್ಕೆ ಒಲೆ ತೋಡಿ ಹಂಡೆಗಟ್ಟಲೆ ಬೇಯಿಸುತ್ತಿದ್ದರು. ಹೊಗೆಯೆಲ್ಲ ಗಾಳಿಯ ಬೆನ್ನೇರಿ ಜೋಳದ ಹೊಲದ ಕಡೆಗೆ ಹೊರಟುಹೋಗುತ್ತಿತ್ತು. ಅಡುಗೆಯವರ ಕಣ್ಣುಗಳನ್ನು ಹತ್ತಿರ ಹೋಗಿ ಪರೀಕ್ಷಿಸಿದೆ. ಅವರಿಗೆ ನನ್ನ ಬುದ್ಧಿಯ ಬಗ್ಗೆ ಸಂಶಯ ಬಂದಿರಬೇಕು. ಕಣ್ಣುಗಳು ಶರತ್ಕಾಲದ ಕೊಳದಂತೆ ನಿರ್ಮಲವಾಗಿದ್ದವು. ನಮ್ಮ ಮನೆಯಲ್ಲೂ ಹಿತ್ತಲಿದೆ. ವಿಜಾಪುರದಲ್ಲಿ ಗಾಳಿಗಂತೂ ಬರವಿಲ್ಲ. ಅಡುಗೆಯನ್ನೇ ಬಯಲಿಗೆ ತಂದರೆ ಹೇಗೆ? ಅಂದು ಹೋಳಿಗೆಯ ರುಚಿ ನನಗೆ ತಿಳಿಯಲಿಲ್ಲ. ಮನಸ್ಸೆಲ್ಲ ಒಲೆ ಕಟ್ಟುತ್ತಿತ್ತು.

ಇನ್ನು ಕಟ್ಟಿದ ಬಗೆಯನ್ನು ಹೇಳಬೇಕು. ಒಲೆ ಹಾಕಿ ರೂಢಿಯಿರುವ ಹೆಂಗಸರು ಯಾರಾದರೂ ಮೂರು ಕಲ್ಲಿಟ್ಟು ಮಣ್ಣು ಮೆತ್ತಿ ಮುಗಿಸುತ್ತಿದ್ದರು. ನಾನು ಯಾರನ್ನೂ ಕೇಳಲಿಲ್ಲ. ಬಯಲಿನಲ್ಲಿ ಬೆಂಕಿಗೆ ನೆಲೆ ಕಟ್ಟುವುದು ನನ್ನ ಕುಲವಿದ್ಯೆಯಲ್ಲವೇ? ಇಟ್ಟಂಗಿ ತರಿಸಿ, ಹಿತ್ತಲಿನ ಆಗ್ನೇಯ ಮೂಲೆಯನ್ನು ಸಾರಿಸಿ, ದರ್ಭೆಯಿಂದ ಅಳತೆ ಹಾಕಿ, ನಾಲ್ಕು ಮೂಲೆಗೆ ರಂಗೋಲಿಯ ಗೆರೆಯೆಳೆದು ಕೆಲಸಕ್ಕೆ ಕುಳಿತೆ. ಇಟ್ಟಂಗಿಯನ್ನು ಕೈಗೆತ್ತಿಕೊಂಡೊಡನೆ ನಾಲಿಗೆ ತಾನಾಗಿಯೇ ಮಂತ್ರ ಹೇಳತೊಡಗಿತು. ಬಸ್ಸಿನ ಕಂಡಕ್ಟರನ ಕೈ ಸೀಟಿಯ ಕಡೆಗೆ ಹೋಗುವಂತೆ ಅದೊಂದು ರೂಢಿ. ಮಂತ್ರವಿಲ್ಲದೆ ಇಟ್ಟಂಗಿಯನ್ನಿಡಲು ನನ್ನ ಕೈಗೆ ಬರುವುದಿಲ್ಲ. ಸಂಕಲ್ಪವಾಯಿತು, ಭೂಮಿಪೂಜೆಯಾಯಿತು, ಅಗ್ನಿಯನ್ನು ಆವಾಹಿಸಿದ್ದೂ ಆಯಿತು. ಸಂಜೆಗೆ ಎದ್ದು ನಿಂತು ನೋಡಿದರೆ ನಾಲ್ಕು ಮೂಲೆ, ಮೂರು ಮೆಟ್ಟಿಲು, ಒಂದು ಎಳೆಯೂ ಓರೆಯಿಲ್ಲ. ಎಂಥ ಸುಂದರವಾದ ಒಲೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಒಲೆಗೆ ತಕ್ಕ ಸಲಕರಣೆ ಬೇಡವೇ? ಬಬಲೇಶ್ವರದ ಸಂತೆಯ ದಿನ ಅಲ್ಲಿಗೆ ಹೋಗಿ ಕಮ್ಮಾರ ಮಾನಪ್ಪನ ಮುಂದೆ ಕುಳಿತೆ. ಕೆಂಡದ ಮೇಲೆ ಹಾಸಲು ಒಂದು ಕಬ್ಬಿಣದ ಜಾಳಿಗೆ, ಪಾತ್ರೆಯಿಡಲು ಮುಕ್ಕಾಲಿ, ಉದ್ದ ಹಿಡಿಕೆಯ ಇಕ್ಕಳ, ಊದುಗೊಳವೆ, ಬೂದಿಯೆಳೆಯುವ ಕೋಲು, ಗಾಳಿಗೆ ಅಡ್ಡ ನಿಲ್ಲಿಸುವ ತಗಡು, ಕಾಯಿಗಳನ್ನು ಪೋಣಿಸಿ ತಿರುಗಿಸಲು ನೀಳವಾದ ಸಲಾಕೆಗಳು. ಒಂದೊಂದನ್ನೂ ನಾನು ಮೊದಲು ಸಂಸ್ಕೃತದಲ್ಲಿ ಹೇಳಿ ಅನಂತರ ಕೈಸನ್ನೆಯಿಂದ ತೋರಿಸುತ್ತಿದ್ದೆ. ಮಾನಪ್ಪ ಕೈಸನ್ನೆಯನ್ನಷ್ಟೇ ನೋಡುತ್ತಿದ್ದ. ಸಲಾಕೆಯ ಸರದಿ ಬಂದಾಗ ಸುತ್ತಿಗೆಯನ್ನು ಕೆಳಗಿಟ್ಟ.

"ಆಚಾರ್ರ, ಸಿಟ್ಟಾಗಬ್ಯಾಡ್ರಿ. ಈ ಸಳಿ ನಾ ಇಲ್ಲೀತನಕ ಪ್ಯಾಟಿ ಕಬಾಬದವ್ರಿಗಷ್ಟ ಮಾಡಿ ಕೊಟ್ಟೀನ್ರಿ. ನೀವು ಇವಕ್ಕ ಏನ್ ಚುಚ್ಚಾವ್ರು?"

"ಬದನಿಕಾಯಿ," ಎಂದೆ, ಸುತ್ತ ಯಾರಾದರೂ ಪರಿಚಿತರು ಇರುವರೇ ಎಂದು ನೋಡುತ್ತ.

"ಹಂಗಾರ ಬದನಿಕಾಯಿ ನಶೀಬ ಖುಲಾಯಿಸ್ತು ಬಿಡ್ರಿ," ಎಂದು ಅವನು ಮತ್ತೆ ಸುತ್ತಿಗೆಯೆತ್ತಿದ.

ಮುಂದಿನ ಸಂತೆಗೆ ಎಲ್ಲವೂ ಸಿದ್ಧವಾದವು. ಆ ಕಬ್ಬಿಣದ ಸಂಸಾರವನ್ನೆಲ್ಲ ತೊಡೆಯ ಮೇಲೆ, ಹೆಗಲ ಮೇಲೆ, ಕಾಲ ಬುಡದಲ್ಲಿ ಹೇರಿಕೊಂಡು ಬಸ್ಸಿನಲ್ಲಿ ಕುಳಿತ ನನ್ನನ್ನು ಕಂಡು ಕಂಡಕ್ಟರು, "ಆಚಾರ್ರ, ಎಲ್ಲಿ ಯುದ್ಧ ಐತ್ರಿ?" ಎಂದು ಕೇಳಿದ. ಬಸ್ಸೆಲ್ಲ ನಕ್ಕಿತು. ನನಗೂ ನಗು ಬಂದಿತು. ಯುದ್ಧವೇನೋ ಮನೆಯಲ್ಲಿ ಕಾದಿತ್ತು. ಅದು ನನಗಿನ್ನೂ ತಿಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಜಾಳಿಗೆಯನ್ನು ಮೇಲೆ ಹಾಸಿ, ಸಲಾಕೆಗಳನ್ನು ಸಾಲಾಗಿಟ್ಟು, ಸಹಧರ್ಮಿಣಿಯನ್ನು ಹಿತ್ತಲಿಗೆ ಕರೆದೆ. ಆಕೆ ಬಂದಳು. ಬಂದವಳು ಒಳಗೆ ಹೋಗಿ ಅರಿಷಿಣ ಕುಂಕುಮ ಅಕ್ಷತೆ ತಂದು, ನಾಲ್ಕು ಮೂಲೆಗೂ ಏರಿಸಿ, ಪ್ರದಕ್ಷಿಣೆ ಮಾಡಿ, ಹಣೆ ಮುಟ್ಟಿಸಿ ನಮಸ್ಕರಿಸಿದಳು.

"ಭಾಳ ಛಲೋ ಆಗ್ಯದ. ಯಾವ ಹೋಮಾ ಇಟ್ಕೊಂಡೀರಿ?"

"ಹೋಮ ಅಲ್ಲ. ಇದು ಒಲಿ. ಇನ್ನ ಮ್ಯಾಲೆ ನಿನ್ನ ಅಡಿಗಿ ಇಲ್ಲೇ, ಗಾಳಿಯೊಳಗ."

ಆಕೆ ಒಮ್ಮೆ ನನ್ನನ್ನೂ ಒಮ್ಮೆ ಅದನ್ನೂ ನೋಡಿದಳು. ಎಷ್ಟು ಕಂಡಿತೋ, ಆದರೆ ಕಂಡಷ್ಟು ಸಾಕಾಯಿತು. "ಮೂರು ಮೆಟ್ಟಲಾ, ಮೂಲಿಗೆ ರಂಗೋಲಿ. ನೀವು ಒಂದೊಂದು ಇಟ್ಟಂಗಿಗೂ ಮಂತ್ರಾ ಅಂದದ್ದು ಒಳಗ ಕೂತು ನಾ ಕೇಳೀನಿ. ಅಗ್ನಿದೇವರನ್ನ ಹೆಸರ ಹಿಡದು ಕರದೀರಿ. ಇದರ ಮ್ಯಾಲೆ ಬದನಿಕಾಯಿ ಸುಡ್ಲೇನು? ಇದ್ದ ಪಾಪಾ ಸಾಲದಽ ನನಗ?"

ಹೀಗೆಂದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಆ ಹೊಗೆಯ ಗುಹೆಯನ್ನೇ ಹೊಕ್ಕಳು. ನಾನು ಇಕ್ಕಳವನ್ನು ಹಿಡಿದು ನಿಂತೇ ಇದ್ದೆ. ಆಗ ಮಾತ್ರ ನನಗೂ ಕಂಡಿತು: ನಾನು ಕಟ್ಟಿದ್ದು ಒಲೆಯಲ್ಲ, ಯಾವ ವೈದಿಕನೂ ತಲೆದೂಗುವಂಥ ಹೋಮಕುಂಡ. ಬೇರೆ ಏನನ್ನು ಕಟ್ಟಲೂ ನನಗೆ ಬರುತ್ತಿರಲಿಲ್ಲ.

ಆ ಮೇಲೆ ಕೆಲವು ದಿನ ಶಾಸ್ತ್ರಾರ್ಥ ನಡೆಯಿತು. ಜಠರದೊಳಗಿರುವವನೂ ಅಗ್ನಿಯೇ, ಹೊರಗಿರುವವನೂ ಅವನೇ, ಉಣ್ಣುವುದೂ ಒಂದು ಯಜ್ಞವೇ ಎಂದು ನಾನು ಪ್ರತಿಪಾದಿಸಿದೆ. "ಅದನ್ನ ಗುಡಿಯೊಳಗ ಹೇಳ್ರಿ, ಅಲ್ಲೆ ಮಂದಿ ದಕ್ಷಿಣಾ ಕೊಡ್ತಾರ," ಎಂದಳು. ಕೊನೆಗೆ ನಾನು, "ಹೋಗಲಿ, ಅಗ್ನಿದೇವರನ್ನ ವಿಸರ್ಜನಾ ಮಾಡಿ ಇದನ್ನ ಕೆಡವಿ, ಮೂರು ಕಲ್ಲಿಡ್ತೀನಿ. ಅದರ ಮ್ಯಾಲೆ ಮಾಡ್ತೀಯೇನು?" ಎಂದೆ.

ಆಕೆ ಬೆರಗಾದವಳಂತೆ ನನ್ನತ್ತ ತಿರುಗಿದಳು. "ಮನಿಗೆ ಕರದ ಅತಿಥಿನ್ನ ಒಂದು ತುತ್ತು ಹಾಕದಽ ಹೊರಗ ಹಾಕ್ತೀರಾ? ಇಷ್ಟು ವರ್ಷ ಓದಿದ್ದು ಇದಽನಾ?"

"ಹಂಗಾರ ನೀನಽ ಉಣಿಸು!"

"ನಾ ಕರದಿಲ್ಲ. ಕರದವರು ಉಣಿಸಬೇಕು."

ನಲವತ್ತು ವರುಷಗಳ ವಾದವಿದ್ಯೆಯೆಲ್ಲ ಅಲ್ಲಿಗೆ ಮುಗಿಯಿತು. ಆ ಮಾತಿಗೆ ಉತ್ತರವನ್ನು ಯೋಚಿಸುತ್ತ ಪಡಸಾಲೆಯಲ್ಲಿ ಕುಳಿತಿದ್ದಾಗ ಒಳಗೆ ಆಕೆ ಸೌಟನ್ನು ಹುಡುಕುತ್ತಿದ್ದುದು ಕಾಣಿಸಿತು. ಸೌಟು ಆಕೆಯ ಮೊಣಕಾಲ ಬಳಿಯೇ ಇತ್ತು. ಕೈ ನೆಲವನ್ನು ಸವರುತ್ತ ಅದರ ಸುತ್ತಮುತ್ತಲೆಲ್ಲ ಹೋಗಿ ಬರುತ್ತಿತ್ತು. ಇನ್ನು ಉತ್ತರದ ಅಗತ್ಯವಿಲ್ಲವೆನಿಸಿತು. ಎದ್ದು ಹೋಗಿ ಸೌಟನ್ನು ಕೈಗಿತ್ತೆ. ಮರುದಿನ ಸ್ನಾನ ಮಾಡಿ, ಮಡಿಯುಟ್ಟು, ಒಂದು ಬುಟ್ಟಿ ಬದನೆಕಾಯಿಯನ್ನಿಟ್ಟುಕೊಂಡು ಕುಂಡದ ಮುಂದೆ ನಾನೇ ಕುಳಿತೆ.

ಕುಳಿತದ್ದೇನೋ ಸರಿ. ಆದರೆ ನನಗೆ ತಿಳಿದ ಅಗ್ನಿ ಆಳೆತ್ತರ ಏಳಬೇಕು, ಧಗಧಗಿಸಬೇಕು. ತೊಗರಿಕಟ್ಟಿಗೆಯನ್ನು ಒಟ್ಟಿ, ಊದುಗೊಳವೆಯಿಂದ ಊದಿ, ಪೂರ್ಣಾಹುತಿಗೆ ತಕ್ಕ ಜ್ವಾಲೆಯನ್ನೆಬ್ಬಿಸಿ ಅದರಲ್ಲಿ ಬದನೆಕಾಯಿಗಳನ್ನು ಹಿಡಿದೆ. ಅವು ಕ್ಷಣದಲ್ಲಿ ಕಪ್ಪಾದವು. ಇಕ್ಕಳದಿಂದ ಇಳಿಸಿ ಬಿಡಿಸಿ ನೋಡಿದರೆ ಹೊರಗೆ ಪೂರ್ಣ ಸನ್ಯಾಸ, ಒಳಗೆ ಇನ್ನೂ ಹಸಿ ಗೃಹಸ್ಥಾಶ್ರಮ. ಕಿಡಿ ಹಾರಿ ಧೋತರಕ್ಕೆ ತೂತು ಬಿದ್ದಿತು. ಸಹಧರ್ಮಿಣಿ ಹೊಸ್ತಿಲಲ್ಲಿ ನಿಂತು ವಾಸನೆಯಿಂದಲೇ ಎಲ್ಲವನ್ನೂ ಅರಿತು ಒಳಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಬೆಳಕಿಂಡಿಯಿಂದ ಹೊಗೆ ಎದ್ದಿತು. ಆ ಹೊಗೆಯನ್ನು ನೋಡಿದಾಗ ನನಗಾದ ದುಃಖವನ್ನು ಸಲಾಕೆಯ ಮೇಲಿದ್ದ ಬದನೆಕಾಯಿಗಳು ಮಾತ್ರ ಬಲ್ಲವು. ಮಾರನೆಯ ದಿನ ಮತ್ತೆ ಕುಳಿತೆ. ಮತ್ತೆ ಹೊರಗೆ ಕಪ್ಪು, ಮತ್ತೆ ಒಳಗೆ ಹಸಿ, ಮತ್ತೆ ಬೆಳಕಿಂಡಿಯ ಹೊಗೆ.

ದೈವ ಸಹಾಯ ಸಾರವಾಡದಿಂದ ಬಂದಿತು. ವರುಷವರುಷವೂ ನಮ್ಮ ಮನೆಗೆ ಜೋಳ ತಂದುಕೊಡುವ ಒಕ್ಕಲಿಗ ಗುರಪ್ಪ, ಎಳ್ಳಮಾವಾಸ್ಯೆ ಕಳೆದ ಮೇಲೆ ಒಂದು ಮುಂಜಾನೆ ಡೋಣಿ ಹೊಳೆಯ ದಂಡೆಯ ಹೊಲದಿಂದ ಹಾಲುಗಾಳಿನ ಜೋಳದ ತೆನೆಗಳ ಕಟ್ಟನ್ನು ಹೊತ್ತು ಬಂದ. ಇಂಥ ಎಳೆಯ ತೆನೆಯನ್ನು ಬೆಂಕಿಯಲ್ಲಿ ಹದವಾಗಿ ಸುಟ್ಟು, ತಿಕ್ಕಿ, ಬಿಸಿಬಿಸಿಯಾಗಿ ತಿನ್ನುವ ಹಸಿರುಕಾಳಿಗೆ ನಮ್ಮ ಕಡೆ ಸೀತನಿ ಎನ್ನುತ್ತಾರೆ. ಹಿತ್ತಲಿಗೆ ಬಂದು ನನ್ನ ಜ್ವಾಲೆಯನ್ನು ಕಂಡವನೇ ಅವನು ಹೌಹಾರಿದ.

"ಯಪ್ಪಾ! ಏನ್ರಿ ಆಚಾರ್ರ, ಲಂಕಾ ಸುಡಾಕತ್ತೀರೇನು?"

"ಅಡಿಗಿ ಮಾಡ್ಲಿಕ್ಕತ್ತೀನಿ ಗುರಪ್ಪಾ."

"ಯಾರಿಗ್ರಿ? ಕುಂಭಕರ್ಣಗೇನು?"

ನಾನು ಎರಡು ತೆನೆಗಳನ್ನು ತೆಗೆದು ಉರಿಗೆ ಒಡ್ಡಿದೆ. ಹಸಿಜೋಳ ಬೆಂಕಿಗೆ ತಾಗಿದ ಆ ಸಿಹಿ ಕಂಪು ಎದ್ದಿತೋ ಇಲ್ಲವೋ, ಒಳಗಿನಿಂದ ಪಾತ್ರೆ ಬಿದ್ದ ಸದ್ದಾಯಿತು. ನನ್ನ ಸಹಧರ್ಮಿಣಿ ಕಾಖಂಡಕಿಯವಳು. ಹುಡುಗಿಯಾಗಿದ್ದಾಗ ಹೊಲದ ಬದುವಿನಲ್ಲಿ ಕುಳಿತು ಸೀತನಿ ತಿಂದೇ ಚಳಿಗಾಲವನ್ನು ಕಳೆದವಳು. ಆಚಾರ್ಯರ ಮನೆಗೆ ಸೊಸೆಯಾಗಿ ಬಂದ ಮೇಲೆ ಯಾರೂ ಬೇಡವೆನ್ನಲಿಲ್ಲ, ಯಾರೂ ತಂದುಕೊಡಲೂ ಇಲ್ಲ. ಹೊಸ್ತಿಲಿಗೆ ಓಡಿ ಬಂದವಳು ಅಲ್ಲಿಂದಲೇ ಕೂಗಿದಳು:

"ಅಯ್ಯ, ಉರಿಗೆ ಹಿಡೀಬ್ಯಾಡ್ರೀ! ಕಾಳು ಸುಟ್ಟು ಇದ್ದಲಿ ಆಗ್ತಾವ! ಕಟ್ಟಿಗಿ ಕೆಂಡ ಆಗಲಿ, ಬೂದಿಯೊಳಗ ಮುಚ್ಚ್ರಿ, ಬೂದಿಯೊಳಗ!"

"ಹೌದ್ರಿ ಅವ್ವಾರ, ಇವ್ರಿಗೆ ನೀವಽ ಹೇಳ್ರಿ," ಎಂದ ಗುರಪ್ಪ. "ನನ್ನ ಹತ್ರ ಇರಾವು ಇಷ್ಟಽ ತೆನಿ."

ಆಕೆ ಹೊಸ್ತಿಲಿಳಿದು ಬಂದಳು. ಗಾಳಿ ಬರುವ ಕಡೆಗೆ ಮಣೆ ಹಾಕಿಕೊಂಡು ಕುಳಿತು, ತಾನು ಬೆಂಕಿಯನ್ನು ಮುಟ್ಟದೆ, ಕಟ್ಟಿಗೆಯನ್ನು ಎಳೆಯಿರಿ, ಕೆಂಡವನ್ನು ಹರಡಿರಿ, ಈಗ ತಿರುವಿರಿ, ಈಗ ಸುಮ್ಮನಿರಿ ಎಂದು ಒಂದೊಂದಾಗಿ ಹೇಳತೊಡಗಿದಳು. ಯಜ್ಞಗಳಲ್ಲಿ ಬ್ರಹ್ಮನೆಂಬ ಒಬ್ಬ ಋತ್ವಿಜನಿರುತ್ತಾನೆ. ಅವನು ಯಾವ ಕೆಲಸವನ್ನೂ ಮಾಡುವುದಿಲ್ಲ. ದಕ್ಷಿಣದ ಕಡೆ ಮೌನವಾಗಿ ಕುಳಿತು, ಉಳಿದವರು ತಪ್ಪಿದಾಗ ಮಾತ್ರ ಬಾಯಿ ತೆರೆದು ತಿದ್ದುತ್ತಾನೆ. ಅಂದು ನನ್ನ ಯಜ್ಞಕ್ಕೆ ಬ್ರಹ್ಮ ದೊರೆತ. ವ್ಯತ್ಯಾಸ ಎರಡೇ. ನಮ್ಮ ಬ್ರಹ್ಮನ ಆಸನ ಗಾಳಿ ತಿರುಗಿದಂತೆ ತಿರುಗುತ್ತಿತ್ತು. ಮತ್ತು ನಾನು ತಪ್ಪದ ಕ್ಷಣವೇ ಇರಲಿಲ್ಲವಾದುದರಿಂದ ಮೌನಕ್ಕೆ ಅವಕಾಶವೇ ಒದಗಲಿಲ್ಲ.

ತೆನೆಗಳು ಹದಕ್ಕೆ ಬಂದವು. ಮೊದಲ ಹಿಡಿಯನ್ನು ಅಗ್ನಿಗೆ ಅರ್ಪಿಸಿದೆ. ಕರೆದ ಅತಿಥಿ ಕಡೆಗೂ ಉಂಡ. ಗುರಪ್ಪ ಬಿಸಿ ತೆನೆಯನ್ನು ಅಂಗೈಗಳ ನಡುವೆ ತಿಕ್ಕಿ, ಹೊಟ್ಟು ಊದಿ, ಹಸಿರು ಕಾಳನ್ನು ಆಕೆಯ ಮುಂದಿನ ತಾಟಿಗೆ ಸುರಿದ. ಆಕೆ ಬೆಲ್ಲ ಕೂಡಿಸಿಕೊಂಡು ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿ ಅಗಿದಳು. ಇನ್ನೊಂದು ಹಿಡಿ ತೆಗೆದುಕೊಂಡಳು. ಮಡಿಯ ಮಾತು ನನ್ನ ತುಟಿಯವರೆಗೆ ಬಂದಿತ್ತು. ಆಕೆಯ ಮುಖವನ್ನು ನೋಡಿ ನುಂಗಿಕೊಂಡೆ. ಗುರಪ್ಪ ಹೋದ ಮೇಲೆ ತಾನಾಗಿಯೇ ನನ್ನತ್ತ ತಿರುಗಿ, "ಸೀತನಿಗೆ ಎಲ್ಲೀ ಮಡಿ ತಗೀತೀರಿ?" ಎಂದು ತೀರ್ಪು ಕೊಟ್ಟಳು. ಯಾವ ಗ್ರಂಥದಲ್ಲಿದೆ ಎಂದು ನಾನು ಕೇಳಲಿಲ್ಲ. ಅಂದು ಬೆಳಕಿಂಡಿಯಿಂದ ಹೊಗೆ ಏಳಲಿಲ್ಲ.

ಅಂದಿನಿಂದ ನಮ್ಮ ಹಿತ್ತಲಿನಲ್ಲಿ ನಿತ್ಯವೂ ಆ ಯಜ್ಞ ನಡೆದಿದೆ. ಮೊದಲ ತುತ್ತು ಅಗ್ನಿಗೆ, ಉಳಿದದ್ದು ಯಜ್ಞಶೇಷವೆಂದು ನಮಗೆ ಎಂದಾದ ಮೇಲೆ ಆಕೆಯ ಪಾಪದ ಮಾತೂ ತೀರಿತು. ಕುಂಡದ ಮೂರು ಮೆಟ್ಟಿಲುಗಳ ಮಹತ್ವ ಈಗ ನನಗೆ ತಿಳಿದಿದೆ: ಮೇಲಿನದು ಜಾಳಿಗೆಗೆ, ನಡುವಿನದು ಬೆಂದದ್ದು ಆರದಂತೆ ಇಡುವುದಕ್ಕೆ, ಕೆಳಗಿನದು ಹಾಲು ಮೆಲ್ಲಗೆ ಕಾಯುವುದಕ್ಕೆ. ಬದನೆಕಾಯಿ, ಮೆಣಸಿನಕಾಯಿಗಳಿಗೆ ಕೆಂಡ, ಗೆಣಸಿಗೆ ಬೂದಿ, ಹೀರೆಕಾಯಿಯ ಹೋಳುಗಳಿಗೆ ಮಾನಪ್ಪನ ಸಲಾಕೆ. ಅನ್ನದ ತಪ್ಪಲೆಯ ಬಾಯಿಗೆ ಕಣಕ ಮೆತ್ತಿ, ಮುಚ್ಚಳದ ಮೇಲೂ ನಾಲ್ಕು ಕೆಂಡವಿಟ್ಟರೆ ಒಂದೊಂದು ಅಗುಳೂ ಮಲ್ಲಿಗೆಯ ಮೊಗ್ಗಾಗುತ್ತದೆ. ರೊಟ್ಟಿಯನ್ನು ಆಕೆ ದೂರ ಕುಳಿತು ಬಡಿಯುತ್ತಾಳೆ. ಹಂಚಿನಿಂದಿಳಿದದ್ದನ್ನು ಜಾಳಿಗೆಯ ಮೇಲೆ ಖಡಕ್ ಮಾಡುವುದು ನನ್ನ ಪಾಲು. ಮಳೆ ಬಂದರೆ ತಗಡು ನೆತ್ತಿಗೇರುತ್ತದೆ. ಹೊಗೆಯನ್ನು ಗಾಳಿ ಎತ್ತಿಕೊಂಡು ಹೋಗುತ್ತದೆ. ಎಲ್ಲಿಗೆ ಎಂದು ನಾನು ವಿಚಾರಿಸಿಲ್ಲ.

ಯುಗಾದಿಯ ಮುಂದೆ ಮತ್ತೆ ಡಾಕ್ಟರರಲ್ಲಿಗೆ ಹೋದೆವು. ಅವರು ದೀಪ ಹಿಡಿದು ನೋಡಿ, ಆಶ್ಚರ್ಯದಿಂದ ನನ್ನ ಕಡೆ ತಿರುಗಿದರು. "ಭಾಳ ಸುಧಾರಿಸ್ಯಾವಲ್ರಿ! ಏನ್ ಮಾಡಿದ್ರಿ ಆಚಾರ್ರ?"

"ಹೋಮ," ಎಂದೆ ವಿನಯದಿಂದ.

"ಯಾವ ಹೋಮಾರಿ?"

"ಬದನಿಕಾಯಿ ಹೋಮಾ," ಎಂದು ಆಕೆ ನಡುವೆ ಬಾಯಿ ಹಾಕಿದಳು. ಡಾಕ್ಟರರು ಬಹಳ ಹೊತ್ತು ನಕ್ಕು, "ಯಾವುದರ ಆಗಲಿ, ನಿಲ್ಲಸಬ್ಯಾಡ್ರಿ," ಎಂದರು.

ನಿಲ್ಲಿಸುವ ಮಾತೇ ಇಲ್ಲ. ಆಕೆಯ ದೃಷ್ಟಿ ಮರಳಲೆಂದು ನಿತ್ಯ ಪೂಜೆಯ ಕೊನೆಯಲ್ಲಿ ಭಗವಂತನನ್ನು ಬೇಡಿಕೊಂಡವನು ನಾನೇ. ಬೇಡುವಾಗ ಎಷ್ಟು ದೃಷ್ಟಿ ಎಂಬುದನ್ನು ವಿವರಿಸಿರಲಿಲ್ಲ. ಅವನು ಧಾರಾಳಿ, ಕೈ ಬಿಚ್ಚಿ ಕೊಟ್ಟುಬಿಟ್ಟ. ನಾನು ತಿಕ್ಕಿದ ತಂಬಿಗೆಯ ಕಂಠದ ಕಿಲುಬು, ನಾನು ಆರಿಸಿದ ಬೇಳೆಯೊಳಗಿನ ಹರಳು, ಮಂತ್ರದ ನಡುವೆ ನಾನು ತೂಕಡಿಸುವ ಅರೆಗಳಿಗೆ, ಎಲ್ಲವೂ ಈಗ ಆಕೆಗೆ ಕುಳಿತಲ್ಲಿಂದಲೇ ಕಾಣುತ್ತವೆ. ನಿನ್ನೆ ಬೆಳಿಗ್ಗೆ ಆಕೆ ರೊಟ್ಟಿ ಬಡಿದು ಮುಗಿಸಿ, ಹಿತ್ತಲ ಬಾಗಿಲ ಕಟ್ಟೆಯ ಮೇಲೆ ದೇವರಿಗೆ ಹೂ ಪೋಣಿಸುತ್ತಿದ್ದಳು. ಸೂಜಿಗೆ ದಾರವನ್ನು ತಾನೇ ಏರಿಸಿಕೊಂಡಿದ್ದಳು. ನಾನು ಜಾಳಿಗೆಯ ಮುಂದೆ ಕುಳಿತಿದ್ದೆ. ಅಷ್ಟು ದೂರದಿಂದ, ಹೂವಿನಿಂದ ಒಮ್ಮೆ ಕಣ್ಣೆತ್ತಿ, "ಎಡಗಡೀ ರೊಟ್ಟಿ ಅಂಚು ಕರ್ರಗಾಗ್ಲಿಕ್ಕತ್ತದ ನೋಡ್ರಿ," ಎಂದಳು. ಹಾಗೇನೂ ಆಗಿಲ್ಲವೆಂದು ಸಪ್ರಮಾಣವಾಗಿ ಖಂಡಿಸಲು ಬಾಯಿ ತೆರೆದೆ. ಆದರೆ ಪರೀಕ್ಷಿಸದೆ ನುಡಿಯುವುದು ಪಂಡಿತರಿಗೆ ಸಲ್ಲದೆಂದು, ನನ್ನ ಕನ್ನಡಕವನ್ನು ಹುಡುಕಿ, ಒರೆಸಿ, ಏರಿಸಿಕೊಂಡು, ಬಗ್ಗಿ ನೋಡಿದೆ. ಕರ್ರಗಾಗಿತ್ತು. ತಿರುವಿ ಹಾಕಿದೆ.